ಮಂಗಳ ಹಾಡಿದ ಮೇಲೆ

ನಾಟಕದಲ್ಲಿ ಮಂಗಳ ಹಾಡಿ ಪರದೆ ಇಳಿದ ಮೇಲೆ ರಾಜಪಾರ್ಟಿನವನು ಮತ್ತೆ ರಂಗಕ್ಕೆ ಬರತಕ್ಕದ್ದಲ್ಲವೆಂಬುದು ಪ್ರೇಕ್ಷಕರಿಗೂ ಕಂಪನಿಯವರಿಗೂ ಸಮ್ಮತವಾದ ಕಟ್ಟಳೆ. ಆಟದ ಬಯಲಿನಲ್ಲಿ ಇಂಥ ಕಟ್ಟಳೆಯಿಲ್ಲ. ಅಲ್ಲಿ ಬೀಳ್ಕೊಡುಗೆಯಾದ ಮೇಲೂ ಕರೆ ಬರುವುದುಂಟು. ಕರೆಯನ್ನು ಮನ್ನಿಸಿ ಮರಳುವವರೂ ಉಂಟು. ಹಾಗೆ ಮರಳುವುದು ಯುಕ್ತವೇ ಅಲ್ಲವೇ ಎಂಬ ಜಿಜ್ಞಾಸೆ ಭಾರತದ ಕಾಲ್ಚೆಂಡಾಟದ ಅಭಿಮಾನಿಗಳನ್ನು 2025ರಲ್ಲಿ ಬಹುವಾಗಿ ಕಾಡಿತು. ಅದಕ್ಕೆ ಕಾರಣರಾದವರು ಸುನಿಲ್ ಛೇತ್ರಿಯವರು.

2024ರ ಜೂನ್ 6ರ ಸಂಜೆ ಕಲಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ತಂಡದೊಡನೆ ನಡೆದ ಪಂದ್ಯವೇ ಭಾರತದ ಪರವಾಗಿ ಅವರ ಕಡೆಯ ಪಂದ್ಯವೆಂದು ಮೊದಲೇ ಸಾರಲಾಗಿತ್ತು. ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ಮುಂದೆ ಸಾಗಲು ಅಂದಿನ ಗೆಲುವು ಬಹುಮುಖ್ಯವಾಗಿದ್ದಿತು. ಆದರೆ ಉಭಯ ಪಕ್ಷಗಳಿಗೂ ಗೋಲು ದೊರೆಯಲಿಲ್ಲ. ಪಂದ್ಯ ಮುಗಿದ ಬಳಿಕ ಆಟಗಾರರು ಎರಡು ಸಾಲಾಗಿ ನಿಂತು ಗೌರವ ಸಲ್ಲಿಸಿದರು; ನಡುವೆ ನಡೆದುಬಂದ ನಾಯಕನ ಕಣ್ಣು ತುಂಬಿತು. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಮೊದಲ ಪಂದ್ಯವನ್ನಾಡಿ ಅಂದೇ ಮೊದಲ ಗೋಲನ್ನೂ ಹೊಡೆದಿದ್ದ ಯುವಕನು ಹತ್ತೊಂಬತ್ತು ವರ್ಷಗಳ ಅನಂತರ 151 ಪಂದ್ಯಗಳನ್ನೂ 94 ಗೋಲುಗಳನ್ನೂ ಹಿಂದೆ ಬಿಟ್ಟು ಹೊರಟಿದ್ದನು. ಆಗ ಆಡುತ್ತಿದ್ದವರ ಪೈಕಿ ತಮ್ಮ ದೇಶಕ್ಕಾಗಿ ಇದಕ್ಕಿಂತ ಹೆಚ್ಚು ಗೋಲು ಹೊಡೆದವರು ಪೋರ್ಚುಗಲ್ಲಿನ ರೊನಾಲ್ಡೊ, ಅರ್ಜೆಂಟೀನದ ಮೆಸ್ಸಿ ಇಬ್ಬರೇ. ಎದುರಾಳಿಗಳ ಬಲಾಬಲ ಒಂದೇ ಅಲ್ಲವೆಂದು ಆಕ್ಷೇಪಿಸುವವರಿದ್ದಾರೆ, ಆಕ್ಷೇಪ ನಿಜವೇ. ಆದರೆ ರೊನಾಲ್ಡೊವಿಗೆ ಚೆಂಡು ಒದಗಿಸಿಕೊಟ್ಟಂಥ ಜೊತೆಗಾರರು ಛೇತ್ರಿಗೆ ಎಲ್ಲಿದ್ದರು?

ಛೇತ್ರಿಯವರು ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಸೈನಿಕರ ಮನೆಯಲ್ಲಿ. ಆದರೂ 2013ರಲ್ಲಿ ಬೆಂಗಳೂರು ಎಫ್‌ಸಿ ತಂಡ ಹುಟ್ಟಿದಂದಿನಿಂದ ಬೆಂಗಳೂರಿನ ಜನ ಅವರನ್ನು ತಮ್ಮವರೆಂದೇ ಬಗೆದಿದ್ದಾರೆ. ಕಾಲ್ಚೆಂಡಾಟವು ಈ ಊರಿಗೆ ಹೊಸದೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ ಭಾರತ ತಂಡವು ಫ್ರಾನ್ಸಿಗೆ 1-2ರಿಂದ ಸೋತಾಗ ಆ ಒಂದು ಗೋಲನ್ನು ಹೊಡೆದ ರಾಮನ್ ಅವರೂ, ಚೆಂಡಿನೊಡನೆ ಜಾಣ್ಮೆ ಮೆರೆದ ಅಹಮದ್ ಖಾನರೂ ಬೆಂಗಳೂರಿನವರೇ. ಅಂಥ ಊರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರ ಜೂನ್ 21ರಂದು ಸುರಿಯುವ ಮಳೆಯಲ್ಲಿ ಛೇತ್ರಿ ಪಾಕಿಸ್ತಾನಕ್ಕೆ ಮೂರು ಗೋಲು ಹೊಡೆದರು. ಅವುಗಳಲ್ಲಿ ಎರಡು ಪೆನಾಲ್ಟಿಗಳು, ಒಂದು ಗೋಲ್‌ಕೀಪರನ ತಪ್ಪಿನಿಂದ ದೊರೆತದ್ದು. ತೊಯ್ದು ತೊಪ್ಪೆಯಾಗಿದ್ದ ಜನ ಅದನ್ನೆಲ್ಲ ಎಣಿಸುವ ಸ್ಥಿತಿಯಲ್ಲಿರಲಿಲ್ಲ. ಜುಲೈ 4ರಂದು ಅದೇ ಬಯಲಿನಲ್ಲಿ ದಕ್ಷಿಣ ಏಷ್ಯದ ಪ್ರಶಸ್ತಿಯೂ ಬಂದಿತು.

ಈ ಮನುಷ್ಯನ ವಿಷಯದಲ್ಲಿ ಜನಕ್ಕಿರುವ ಸಲಿಗೆಗೆ ಇನ್ನೊಂದು ಕಾರಣವುಂಟು. 2018ರ ಜೂನಿನಲ್ಲಿ ಮುಂಬಯಿಯಲ್ಲಿ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದ ದಿನ ಕ್ರೀಡಾಂಗಣದ ಬಹುಪಾಲು ಆಸನಗಳು ಬರಿದಾಗಿದ್ದುವು. ಮೂರು ಗೋಲು ಹೊಡೆದಿದ್ದ ನಾಯಕನು ಮರುದಿನ ಕೈ ಜೋಡಿಸಿ, ಬೈಯುವುದಾದರೂ ಬಂದು ಬೈಯಿರಿ, ಬಯಲಿಗೆ ಬನ್ನಿ ಎಂದು ದೇಶವನ್ನೇ ಬೇಡಿಕೊಂಡನು. ಜೂನ್ 4ರಂದು ಕೀನ್ಯದ ಎದುರು ಅವರ ನೂರನೆಯ ಪಂದ್ಯಕ್ಕೆ ಕ್ರೀಡಾಂಗಣ ಭರ್ತಿಯಾಯಿತು. ಕರೆದಾಗ ಜನ ಬಂದಿದ್ದರು. ಆದಕಾರಣ, ಏಳು ವರ್ಷಗಳಾದ ಮೇಲೆ ಕರೆ ತಿರುಗಿ ಅವರತ್ತ ಬಂದಾಗ ಒಲ್ಲೆನೆನ್ನುವುದು ಸುಲಭವಾಗಿರಲಿಲ್ಲವೆಂದು ಊಹಿಸಬಹುದು.

ಕರೆ ಬಂದ ಬಗೆ ಹೀಗೆ. 2024ರಲ್ಲಿ ಭಾರತ ತಂಡವು ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಮುಂದೆ 2027ರ ಏಷ್ಯಾ ಕಪ್ಪಿನ ಅರ್ಹತಾ ಸುತ್ತು ಕಾದಿತ್ತು. ಇತ್ತ ನಲವತ್ತನ್ನು ದಾಟಿದ್ದ ಛೇತ್ರಿ ಬೆಂಗಳೂರಿನ ಪರವಾಗಿ ಆಡುವುದನ್ನು ಬಿಟ್ಟಿರಲಿಲ್ಲ. ಆ ಡಿಸೆಂಬರಿನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದರು. 2024-25ರ ಇಂಡಿಯನ್ ಸೂಪರ್ ಲೀಗಿನಲ್ಲಿ 14 ಗೋಲುಗಳೊಡನೆ ಭಾರತೀಯರಲ್ಲಿ ಅಗ್ರಸ್ಥಾನ ಪಡೆದರು. ತರಬೇತುದಾರ ಮನೋಲೊ ಮಾರ್ಕೆಸ್ ಕೇಳಿಕೊಂಡರು. 2025ರ ಮಾರ್ಚಿನಲ್ಲಿ ಛೇತ್ರಿ ಮರಳಿದರು. ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ವಿರುದ್ಧ 3-0 ಗೆಲುವು. ಮೂರನೆಯ ಗೋಲು ಛೇತ್ರಿಯವರ ತಲೆಯಿಂದ ಬಂದಿತು. ಅದು ತೊಂಬತ್ತೈದನೆಯದು.

ಹಿಂದೆಯೂ ಇಂಥ ಪುನರಾಗಮನಗಳು ನಡೆದಿವೆ. ಕೆಮರೂನಿನ ರೋಜೆ ಮಿಲ್ಲಾ ದೇಶದ ತಂಡವನ್ನು ತೊರೆದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ನೆಮ್ಮದಿಯಾಗಿ ಆಡಿಕೊಂಡಿದ್ದಾಗ ಸ್ವತಃ ದೇಶದ ಅಧ್ಯಕ್ಷರೇ ಕರೆದರು. 1990ರಲ್ಲಿ ಇಟಲಿಯಲ್ಲಿ ಮೂವತ್ತೆಂಟರ ಮಿಲ್ಲಾ ಪಂದ್ಯದ ನಡುವೆ ಇಳಿದು ಇಳಿದು ನಾಲ್ಕು ಗೋಲು ಹೊಡೆದರು. ಆಫ್ರಿಕದ ತಂಡವೊಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲನ್ನು ಮುಟ್ಟಿದ್ದು ಅದೇ ಮೊದಲು. ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತೆನ್ನುವವರುಂಟು. ನಾಲ್ಕು ವರ್ಷಗಳ ತರುವಾಯ ನಲವತ್ತೆರಡರಲ್ಲಿ ಅವರು ಮತ್ತೆ ಇಳಿದರು. ಒಂದು ಗೋಲೂ ಹೊಡೆದರು. ರಷ್ಯಾ ಅಂದು ಆರು ಹೊಡೆಯಿತು. ಫ್ರಾನ್ಸಿನ ಝಿದಾನ್ 2004ರಲ್ಲಿ ಬಿಟ್ಟು 2005ರಲ್ಲಿ ಮರಳಿ ತಮ್ಮ ದೇಶವನ್ನು ವಿಶ್ವಕಪ್ಪಿನ ಕಡೆಯ ಪಂದ್ಯದವರೆಗೆ ಒಯ್ದರು. 2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ಎದುರಾಳಿಯ ಎದೆಗೆ ತಲೆಯಿಂದ ಗುದ್ದಿ, ಕೆಂಪು ಚೀಟಿ ಪಡೆದು, ಕಪ್ಪಿನ ಪಕ್ಕದಲ್ಲಿಯೇ ತಲೆ ತಗ್ಗಿಸಿ ನಡೆದರು. ಆದರೂ ಅವರು ಮರಳದಿದ್ದರೆ ಫ್ರಾನ್ಸು ಬರ್ಲಿನ್ನನ್ನು ಕಾಣುತ್ತಿತ್ತೆಂದು ಹೇಳುವವರು ವಿರಳ.

ಈ ಇಬ್ಬರಿಗೂ ಛೇತ್ರಿಗೂ ಒಂದು ಭೇದವಿದೆ. ಝಿದಾನರು ಮರಳಿದ್ದು ವಿಯೇರಾ, ಆನ್ರಿಯಂಥವರು ಆಗಲೇ ಇದ್ದ ತಂಡಕ್ಕೆ. ಮಿಲ್ಲಾ ಇಳಿದದ್ದು ಬಲಿಷ್ಠ ಯುವಕರು ಎದುರಾಳಿಯನ್ನು ದಣಿಸಿಟ್ಟ ಮೇಲೆ. ಊಟಕ್ಕೆ ಅವರು ಉಪ್ಪಿನಕಾಯಿಯಾಗಿದ್ದರು. ಛೇತ್ರಿಯವರಾದರೋ ಅನ್ನವೇ ಆಗಬೇಕಾಗಿತ್ತು. ಲೀಗಿನಲ್ಲಿ ಒಂದು ಪಕ್ಷವು ನಾಲ್ವರು ಪರದೇಶೀಯರನ್ನು ಒಮ್ಮೆಗೆ ಬಯಲಿಗಿಳಿಸಬಹುದಾಗಿತ್ತು. ಅವರಲ್ಲೊಬ್ಬನು ನಡುಮುಂದಿನ ಸ್ಥಾನದಲ್ಲಿ, ಎಂದರೆ ಗೋಲು ಹೊಡೆಯುವ ಜಾಗದಲ್ಲಿ, ನಿಲ್ಲುವುದು ವಾಡಿಕೆ. ಹಣ ಕೊಟ್ಟು ಗೆಲುವು ಬೇಡುವ ಮಾಲೀಕನು ಪಳಗಿದ ಪರದೇಶಿಯನ್ನು ಬಿಟ್ಟು ಇಪ್ಪತ್ತರ ಹುಡುಗನನ್ನೇಕೆ ಅಲ್ಲಿ ನಿಲ್ಲಿಸುವನು? ಹುಡುಗರು ಬದಿಗಳಿಗೆ ಸರಿದು ಓಟಗಾರರಾಗುತ್ತಾರೆ, ಇಲ್ಲವೆ ಬೆಂಚಿನ ಮೇಲೆ ಕೂತು ಬೆಳೆಯುತ್ತಾರೆ. ಕಂಠೀರವದಲ್ಲಿ ಆ ಜಾಗದಲ್ಲಿ ಛೇತ್ರಿ ಇದ್ದುದರಿಂದ ಬೆಂಗಳೂರಿಗೆ ಈ ಕೊರತೆ ಅಷ್ಟಾಗಿ ಕಾಣಲಿಲ್ಲ. ದೇಶಕ್ಕೆ ಮಾತ್ರ ಬಯಲಾಗಿ ಕಂಡಿತು.

ಆದುದರಿಂದ ವಿವಾದವನ್ನು ಛೇತ್ರಿಯವರ ಮೇಲೆ ಹೊರಿಸುವುದು ನ್ಯಾಯವೆನಿಸದು. ಅವರು ಒಬ್ಬ ಯುವಕನ ಸ್ಥಾನವನ್ನು ಕಿತ್ತುಕೊಂಡರೆಂಬ ಮಾತು ಆಗ ಕೇಳಿಬಂದಿತು. ಕಿತ್ತುಕೊಳ್ಳಲು ಆ ಸ್ಥಾನದಲ್ಲಿ ಯಾರಾದರೂ ಭದ್ರವಾಗಿ ನಿಂತಿರಬೇಕಷ್ಟೆ! ದೇಶದ ತಂಡಕ್ಕೆ ಆರಿಸುವಾಗ ಜನ್ಮಪತ್ರಿಕೆಯನ್ನಲ್ಲ, ಗೋಲುಗಳನ್ನು ನೋಡಬೇಕೆಂದಾದರೆ ಅಂದಿನ ಲೆಕ್ಕ ಛೇತ್ರಿಯವರ ಪಕ್ಷದಲ್ಲಿಯೇ ಇತ್ತು. ಇನ್ನು ಕೀರ್ತಿಯ ಮಾತು. ಬೀಳ್ಕೊಡುಗೆಯ ಆ ಸಂಜೆಯನ್ನು ಹಾಗೆಯೇ ಕಾಪಾಡಿಕೊಂಡಿದ್ದರೆ ಹೆಸರಿಗೆ ಕಲೆಯಿರುತ್ತಿರಲಿಲ್ಲ, ನಿಜ. ಆದರೆ ಕೀರ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೂಡುವವನಿಗಿಂತ ಸೋಲುವ ತಂಡಕ್ಕೆ ಮರಳಿ ಹೆಗಲು ಕೊಡುವವನೇ ಹೆಚ್ಚಿನವನು. ಅವರು ಬಂದದ್ದು ಸರಿ. ಕರೆದವರು ಮಾತ್ರ ಅಷ್ಟರಿಂದ ತೃಪ್ತರಾಗತಕ್ಕದ್ದಾಗಿರಲಿಲ್ಲ. ಸೋರುವ ಮಾಡಿಗೆ ಹಳೆಯ ಹೆಂಚನ್ನೇ ಮತ್ತೆ ಹೊದಿಸಿ ಮಳೆಗಾಲ ಕಳೆದೀತೆಂದುಕೊಂಡರೆ ಹೆಂಚಿನ ತಪ್ಪೇನು?

ಮುಂದಿನದು ಬೇಗನೆ ಹೇಳಿ ಮುಗಿಸಬಹುದಾದ ಕಥೆ. ಮಾರ್ಚ್ 25ರಂದು ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದೊಡನೆ ಗೋಲಿಲ್ಲದ ಪಂದ್ಯ. ಜೂನ್ 10ರಂದು ಹಾಂಗ್‌ಕಾಂಗಿನಲ್ಲಿ ಕಡೆಯ ಗಳಿಗೆಯ ಪೆನಾಲ್ಟಿಯಿಂದ ಸೋಲು. ಮಾರ್ಕೆಸ್ ಹೊರಟುಹೋದರು, ಖಾಲಿದ್ ಜಮೀಲ್ ಬಂದರು. ಅವರು ಛೇತ್ರಿಯಿಲ್ಲದೆಯೇ ಮಧ್ಯ ಏಷ್ಯದ ಪಂದ್ಯಾವಳಿಗೆ ಹೋಗಿ ಮೂರನೆಯ ಸ್ಥಾನ ತಂದರು. ಆದರೂ ಅಕ್ಟೋಬರಿನಲ್ಲಿ ಸಿಂಗಾಪುರದ ಎದುರಿನ ಎರಡು ಪಂದ್ಯಗಳಿಗೆ ಛೇತ್ರಿಯವರಿಗೇ ಹೇಳಿಕಳುಹಿಸಿದರು. ಮೊದಲನೆಯದು 1-1. ಎರಡನೆಯದು ಅಕ್ಟೋಬರ್ 14ರಂದು ಗೋವೆಯ ಫಟೋರ್ಡಾದಲ್ಲಿ. ಛಾಂಗ್ತೆ ಮೊದಲು ಗೋಲು ಹೊಡೆದರೂ ಸಿಂಗಾಪುರ ಎರಡು ಹೊಡೆದು ಗೆದ್ದಿತು. ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು.

ಅರ್ಹತೆಗಾಗಿಯೇ ಬಂದಿದ್ದೆ, ಅದು ತಪ್ಪಿದ ಮೇಲೆ ನಿಲ್ಲುವ ಕಾರಣವಿಲ್ಲವೆಂಬರ್ಥದ ಮಾತುಗಳಲ್ಲಿ ಛೇತ್ರಿಯವರು ಎರಡನೆಯ ಬಾರಿ ಬಿಡುವು ಪಡೆದರು. ಈ ಸಲ ಸಾಲ್ಟ್ ಲೇಕ್ ಇರಲಿಲ್ಲ, ಎರಡು ಸಾಲಾಗಿ ನಿಂತವರೂ ಇರಲಿಲ್ಲ. ಲೆಕ್ಕವು 157 ಪಂದ್ಯ, 95 ಗೋಲು ಎಂದು ತಿದ್ದಲ್ಪಟ್ಟಿತು. ನವೆಂಬರ್ 18ರಂದು ಭಾರತ ತಂಡವು ಅವರಿಲ್ಲದೆ ಢಾಕಾದಲ್ಲಿ ಆಡಿತು; ಬಾಂಗ್ಲಾದೇಶವು ಮೊದಲರ್ಧದಲ್ಲಿಯೇ ಒಂದು ಗೋಲು ಹೊಡೆಯಿತು, ಭಾರತಕ್ಕೆ ಕಡೆಯವರೆಗೂ ಒಂದೂ ಬರಲಿಲ್ಲ.