ಅಬ್ಬಾರ ಏವೋ ಮೀಟರು

ಕಡೂರಿನ ನಮ್ಮ ಮನೆಯ ಬೀರುವಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಹಳೆಯ ಲುಂಗಿಯೊಂದನ್ನು ಹೊದ್ದುಕೊಂಡು ಹತ್ತು ವರ್ಷದಿಂದ ಕುಳಿತಿತ್ತು. ರಮಜಾನಿಗೆ ಮುಂಚೆ ಸುಣ್ಣಬಣ್ಣ ಮಾಡಿಸುವಾಗ ತಂಗಿ ಅದನ್ನು ಕೆಳಗಿಳಿಸಿ, "ಭಾಯ್‌ಜಾನ್, ಗುಜರಿಯವನು ಬಂದಿದ್ದಾನೆ, ಕೊಟ್ಟುಬಿಡಲಾ?" ಎಂದಳು. ನಾನು ಹೊರಗೆ ಬರುವಷ್ಟರಲ್ಲಿ ಅವನು ಅದನ್ನು ತಕ್ಕಡಿಗೆ ಇಟ್ಟಾಗಿತ್ತು. ಸುಮಾರು ಮೂರು ಕೆ.ಜಿ. ತೂಗಿತು. "ಒಳಗೆ ತಾಮ್ರ ಇರುತ್ತೆ ಸಾರ್, ಇಪ್ಪತ್ತು ರೂಪಾಯಿ ಜಾಸ್ತಿ ಕೊಡ್ತೀನಿ" ಎಂದ. ನಾನು ತಕ್ಕಡಿಯಿಂದ ಅದನ್ನು ಎತ್ತಿಕೊಂಡು ಒಳಗೆ ಬಂದೆ. ತಂಗಿಗೆ ಆಶ್ಚರ್ಯವಾಗಿರಬೇಕು. ಅಬ್ಬಾ ತೀರಿಕೊಂಡ ಮೇಲೆ ನಾನು ಅದನ್ನು ಒಮ್ಮೆಯೂ ಬಿಚ್ಚಿ ನೋಡಿದವನಲ್ಲ. ನೋಡದೆ ಇರಲು ನನಗೆ ಕಾರಣವಿತ್ತು.

ಅದು ಏವೋ ಮೀಟರು, ಎಂಟನೇ ಮಾದರಿಯದು. ಆಂಪ್ಸ್, ವೋಲ್ಟ್ಸ್, ಓಮ್ಸ್ ಎಂಬ ಮೂರು ಪದಗಳ ಮೊದಲಕ್ಷರ ಸೇರಿ ಏವೋ ಆಗಿದೆ. ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಡೊನಾಲ್ಡ್ ಮೆಕೇಡಿ ಎಂಬಾತ, ಮೂರು ಕೆಲಸಕ್ಕೆ ಮೂರು ಉಪಕರಣ ಹೊರುವುದೇಕೆ ಎಂದು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತಂದ. 1923ರಲ್ಲಿ ಮಾರಾಟಕ್ಕೆ ಬಂದ ಏವೋ 2008ರವರೆಗೂ ತಯಾರಾಗುತ್ತಿತ್ತು. ಎಂಟನೇ ಮಾದರಿ ಬಂದದ್ದು 1951ರಲ್ಲಿ. ಅಬ್ಬಾ ಇದನ್ನು ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಕೊಂಡಿದ್ದರು. ತರೀಕೆರೆಯ ಅವರ ರೇಡಿಯೋ ರಿಪೇರಿ ಅಂಗಡಿಗೆ ಬೋರ್ಡು ಇರಲಿಲ್ಲ. ಮೇಜಿನ ಮೇಲಿನ ಈ ಮೀಟರೇ ಬೋರ್ಡು. ಅಡಿಕೆ ತೋಟದವರು, ಶಾಲೆ ಮೇಷ್ಟ್ರು, ಮಸೀದಿಯ ಮುಅಜ್ಜಿನ್ ಸಾಹೇಬರು, ಎಲ್ಲರೂ "ಸಾಬ್ರೆ, ಮುಳ್ಳು ಏನು ಹೇಳ್ತು?" ಎಂದೇ ಕೇಳುತ್ತಿದ್ದರು.

ನಾನು ಆಗ ಉರ್ದು ಶಾಲೆಯಲ್ಲಿದ್ದೆ. ಸಂಜೆ ಅಂಗಡಿಯಲ್ಲಿ ಕೂರುವಾಗ ಆ ಮೀಟರಿನ ಮುಖವೇ ನನಗೆ ಪುಸ್ತಕ. ವೋಲ್ಟಿನ ಅಂಕಿಗಳು ಎಡದಿಂದ ಬಲಕ್ಕೆ ಏರುತ್ತವೆ. ಓಮಿನ ಸೊನ್ನೆ ಮಾತ್ರ ಬಲತುದಿಯಲ್ಲಿದ್ದು ಅಲ್ಲಿಂದ ಎಡಕ್ಕೆ ಹೋಗುತ್ತ ಅನಂತವಾಗುತ್ತದೆ. ವೋಲ್ಟು ಕನ್ನಡ, ಓಮು ಉರ್ದು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅಬ್ಬಾಗೆ ಹೇಳಿದಾಗ ನಕ್ಕು, ಬಂದ ಗಿರಾಕಿಗಳಿಗೆಲ್ಲ ಅದನ್ನು ಹೇಳಿ ನಗಿಸುತ್ತಿದ್ದರು. ಅಂಕಿಗಳ ಕೆಳಗೆ ಒಂದು ಕನ್ನಡಿಪಟ್ಟಿ ಇತ್ತು. ಮುಳ್ಳು ಮತ್ತು ಅದರ ಬಿಂಬ ಒಂದರ ಮೇಲೊಂದು ಬರುವಂತೆ ತಲೆ ಇಟ್ಟುಕೊಂಡು ಓದಬೇಕು. ಓರೆಯಾಗಿ ನೋಡಿದರೆ ಅಂಕಿ ತಪ್ಪುತ್ತದೆ. ಕಂಡೆನ್ಸರಿಗೆ ತಂತಿ ಮುಟ್ಟಿಸಿದಾಗ ಮುಳ್ಳು ಬಲಕ್ಕೆ ಹಾರಿ ನಿಧಾನವಾಗಿ ಎಡಕ್ಕೆ ಹಿಂದಿರುಗಿದರೆ ಅದು ಒಳ್ಳೆಯದು. ಹಾರಿದ್ದು ಅಲ್ಲೇ ನಿಂತರೆ ಶಾರ್ಟು, ಹಾರದೇ ಇದ್ದರೆ ಒಣಗಿ ಸತ್ತಿದೆ. ಇವನ್ನೆಲ್ಲ ನನಗೆ ಕಲಿಸಿದ್ದು ಅಬ್ಬಾ ಅಲ್ಲ, ಅವರ ಬಳಿ ಕೆಲಸ ಕಲಿಯಲು ಅಜ್ಜಂಪುರದಿಂದ ಬರುತ್ತಿದ್ದ ಹುಡುಗ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ.

1991ರ ಜನವರಿ. ಕೊಲ್ಲಿ ಯುದ್ಧ ಶುರುವಾಗಿತ್ತು. ದುಡಿಯಲು ಹೋದವರು ಅಲ್ಲಿದ್ದರು, ಅವರ ಮನೆಯವರು ಇಲ್ಲಿ. ಅಟ್ಟದ ಮೇಲಿದ್ದ ಸೆಟ್ಟುಗಳೆಲ್ಲ ಇಳಿದು ನಮ್ಮ ಅಂಗಡಿಗೆ ಬಂದವು. ಎಲ್ಲರಿಗೂ ಶಾರ್ಟ್‌ವೇವ್ ಬೇಕು, ರಾತ್ರಿಯೊಳಗೆ ಬಿಬಿಸಿ ಉರ್ದು ಕೇಳಿಸಬೇಕು. ಅಂಥ ಒಂದು ಸಂಜೆ ಅಬ್ಬಾ ಅಸರ್ ನಮಾಜಿಗೆ ಹೋಗಿದ್ದರು, ಅಣ್ಣ ಚಹಾ ತರಲು ಹೋಗಿದ್ದ. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟು ಬರುತ್ತದೆಯೇ ಎಂದು ಅಣ್ಣ ನೋಡುವಂತೆ ನಾನೂ ನೋಡಬೇಕು ಅನ್ನಿಸಿತು. ತಿರುಪು ಓಮಿನಲ್ಲೇ ಇತ್ತು. ಎರಡು ಕಡ್ಡಿ ಚುಚ್ಚಿದೆ. ಟಪ್ ಎಂದು ಮೀಟರಿನ ಕಟ್‌ಔಟ್ ಗುಂಡಿ ಮೇಲೆದ್ದಿತು, ಸುಟ್ಟ ವಾಸನೆ ಬಂತು. ಗುಂಡಿಯನ್ನು ಒತ್ತಿ ಕೂರಿಸಿದೆ. ಅಣ್ಣ ಚಹಾದ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಪೂರ್ತಿ ಕೆಟ್ಟಿದ್ದರೆ ಅಂದೇ ಗೊತ್ತಾಗುತ್ತಿತ್ತು. ಕಡ್ಡಿಗಳನ್ನು ಮುಟ್ಟಿಸಿ ತಿರುಗಿಸಿದರೆ ಮುಳ್ಳು ಎಂದಿನಂತೆ ಸೊನ್ನೆಗೆ ಬರುತ್ತಿತ್ತು. ಸುಳ್ಳು ಹೇಳುತ್ತಿದ್ದುದು ನಡುವಿನ ಅಂಕಿಗಳಲ್ಲಿ. ಅಬ್ಬಾ ನಾಲ್ಕು ದಿನ ಸರಿಯಿದ್ದ ರೆಸಿಸ್ಟರುಗಳನ್ನು ಕಿತ್ತು ಬೇರೆ ಹಾಕಿದರು. ಮೂರು ಸೆಟ್ಟುಗಳು ಮೊದಲಿಗಿಂತ ಕೆಟ್ಟು ಹಿಂದಿರುಗಿದವು. ಒಂದು ಸೆಟ್ಟಿನ ತಾಯಿ, ಕುವೈತಿನಲ್ಲಿ ಮಗ ಇದ್ದವರು, ಅಂಗಡಿಯ ಮುಂದೆಯೇ ಅತ್ತರು. ಅಬ್ಬಾ ಅಣ್ಣನ ಕಡೆ ತಿರುಗಿ, "ನೀನೇ ಅಲ್ವೇನೋ ಸುಟ್ಟಿದ್ದು?" ಎಂದರು. ಅವನು ನನ್ನನ್ನು ನೋಡಿದ. ನಾನು ನನ್ನ ಉರ್ದು ಪುಸ್ತಕ ನೋಡಿದೆ. ಮುಂದಿನ ವಾರದಿಂದ ಅವನು ಬರಲಿಲ್ಲ.

ನಾನು ಕಥೆ ಬರೆಯುವವನು. ಸುಳ್ಳು ಹೇಳಿದ ಎಷ್ಟೋ ಪಾತ್ರಗಳನ್ನು ಬರೆದಿದ್ದೇನೆ, ಇದನ್ನು ಬರೆದಿರಲಿಲ್ಲ.

ಗುಜರಿಯವನು ಹೋದ ಮೇಲೆ ಮೀಟರಿನ ಹಿಂಬದಿ ಬಿಚ್ಚಿದೆ. ಹಳೆಯ ಸೆಲ್ಲು ಒಡೆದು ಹಸಿರು ಕಿಲುಬು ಕಟ್ಟಿತ್ತು. ಆ ಕಾಲದ ಸೆಲ್ಲಿನ ಸೋರಿಕೆ ಹುಳಿ. ಅಡಿಗೆ ಸೋಡಾ ಕಲಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದೆ, ಮೊನೆಗಳನ್ನು ಮರಳು ಕಾಗದದಿಂದ ಉಜ್ಜಿದೆ. ಈ ಮೀಟರಿಗೆ ಒಂದೂವರೆ ವೋಲ್ಟಿನ ಸೆಲ್ಲಿನ ಜೊತೆ 15 ವೋಲ್ಟಿನ ಇನ್ನೊಂದು ಬ್ಯಾಟರಿಯೂ ಬೇಕು. ಅದನ್ನು ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಮೂರು ವೋಲ್ಟಿನ ಬಟನ್ ಸೆಲ್ಲುಗಳು ಐದನ್ನು ಒಂದರ ಮೇಲೊಂದು ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ. ಮುಳ್ಳು ಅಲುಗಿದಾಗ, ನಿಜ ಹೇಳುತ್ತೇನೆ, ನನ್ನ ಕೈ ನಡುಗಿತು. ವೋಲ್ಟುಗಳೆಲ್ಲ ಸರಿಯಿದ್ದವು. ಓಮಿನಲ್ಲಿ, ಸಾವಿರದ ರೆಸಿಸ್ಟರು ಹಿಡಿದರೆ ಸಾವಿರದ ನಾನೂರು.

ಅಜ್ಜಂಪುರಕ್ಕೆ ಬಸ್ಸು ಹತ್ತಿದೆ. ಅಮೃತಮಹಲ್ ತಳಿ ಕೇಂದ್ರದ ಊರು ಎಂದು ಹೊರಗಿನವರಿಗೆ ಪರಿಚಯ. ನನಗೆ ಅದು ಮೂವತ್ತು ವರ್ಷ ಹೋಗಲಾರದ ಊರು. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮಿಕ್ಸಿ, ಟಿವಿ, ಬೋರ್‌ವೆಲ್ಲಿನ ಸ್ಟಾರ್ಟರುಗಳ ನಡುವೆ ಅಣ್ಣ ಕೂತಿದ್ದ. ತಲೆ ನರೆತಿತ್ತು. ನನ್ನನ್ನು ಗುರುತು ಹಿಡಿಯಲಿಲ್ಲ, ಲುಂಗಿ ಬಿಚ್ಚಿದಾಗ ಪೆಟ್ಟಿಗೆಯನ್ನು ಗುರುತು ಹಿಡಿದ.

"ಸಾಬ್ರ ಮೀಟ್ರಲ್ವಾ ಇದು?"

"ಹೌದು ಅಣ್ಣ. ಅವತ್ತು ಸುಟ್ಟಿದ್ದು ನಾನು."

"ಗೊತ್ತು. ಆ ಸ್ಕ್ರೂಡ್ರೈವರ್ ಕೊಡು."

ಮೀಟರನ್ನು ಬೋರಲು ಹಾಕಿ ಒಳಗಿನ ಸಣ್ಣ ಉಂಡೆಯೊಂದನ್ನು ತೋರಿಸಿದ. ಉಗುರಿನಷ್ಟು ದಪ್ಪದ ಬಾಬಿನ್ನಿಗೆ ಸುತ್ತಿದ ತಂತಿ ಕಪ್ಪಾಗಿತ್ತು. ಅದರ ಕೆಲವು ಸುತ್ತು ಬೆಂದು ಅಳತೆ ಕೆಟ್ಟಿದೆ ಎಂದ. ಹೊಸ ತಂತಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿ ಸುತ್ತಿ, ಅಳೆಯುತ್ತ ಅಳೆಯುತ್ತ ಚೂರು ಚೂರೇ ಕತ್ತರಿಸಿ ಲೆಕ್ಕಕ್ಕೆ ತರಬೇಕು. ಬೆಸುಗೆಯ ಬಿಸಿಗೂ ಅಂಕಿ ಬದಲಾಗುತ್ತದೆ, ಆರುವ ತನಕ ಕಾಯಬೇಕು.

"ಈಗ ಡಿಜಿಟಲ್ ಇದೆಯಲ್ಲ, ಇದ್ಯಾಕೆ ಬೇಕು ಅನ್ನಲ್ವಾ?" ಎಂದೆ, ಮಾತು ಬೇರೆ ಕಡೆ ಹೋಗಲಿ ಎಂದು. ಅವನು ಒಂದು ವಾಲ್ವ್ ಸೆಟ್ಟಿನ ಸರ್ಕ್ಯೂಟ್ ಕಾಗದ ತೆಗೆದ. ಅದರಲ್ಲಿ ಬರೆದ ವೋಲ್ಟುಗಳೆಲ್ಲ ಮುಳ್ಳಿನ ಮೀಟರಿನಿಂದ ಅಳೆದವು. ಏವೋ ಒಂದು ವೋಲ್ಟಿಗೆ ಇಪ್ಪತ್ತು ಸಾವಿರ ಓಮಿನ ಮೀಟರು. ನೂರು ವೋಲ್ಟಿನ ರೇಂಜಿನಲ್ಲಿ 20 ಲಕ್ಷ ಓಮು. ಡಿಜಿಟಲ್ಲಿನದು ಸಾಮಾನ್ಯವಾಗಿ ಒಂದು ಕೋಟಿ. ಮುಳ್ಳಿನ ಮೀಟರು ತಾನು ಅಳೆಯುವ ಕರೆಂಟಿನಲ್ಲೇ ಒಂದು ಗುಟುಕು ಕುಡಿಯುತ್ತದೆ, ಆದ್ದರಿಂದ ಅಂಕಿ ಸ್ವಲ್ಪ ಇಳಿದಿರುತ್ತದೆ. "ಕಾಗದದಲ್ಲಿ 80 ಅಂತಿದ್ದು ಡಿಜಿಟಲ್ 95 ತೋರ್ಸಿದ್ರೆ ಹೊಸ ಹುಡುಗ್ರು ಸೆಟ್ಟು ಕೆಟ್ಟಿದೆ ಅಂತಾರೆ. ಸೆಟ್ಟು ಸರಿ ಇರುತ್ತೆ."

ಆಗ ನನ್ನ ಕಣ್ಣು ಅವನ ಹಿಂದಿನ ಹಲಗೆಯ ಮೇಲೆ ಹೋಯಿತು. ಬೂದು ಬಣ್ಣದ ದೊಡ್ಡ ಪೆಟ್ಟಿಗೆ, ಮೂಲೆಯಲ್ಲಿ ಬಣ್ಣ ಎದ್ದ ಜಾಗ. ನಮ್ಮ ಅಂಗಡಿಯ ಸಿಗ್ನಲ್ ಜನರೇಟರು. ಬೇಕಾದ ಫ್ರೀಕ್ವೆನ್ಸಿಯ ಸಣ್ಣ ಅಲೆ ಹುಟ್ಟಿಸಿ, ಅದರ ಮೇಲೆ ಒಂದು ಸಿಳ್ಳೆಯ ದನಿ ಕೂರಿಸಿ ಕೊಡುವ ಯಂತ್ರ. 455 ಕಿಲೋಹರ್ಟ್ಸಿಗೆ ಇಟ್ಟು ಸೆಟ್ಟಿನ ಕಾಯಿಲುಗಳ ತಿರುಪು ತಿರುಗಿಸುತ್ತ, ಸಿಳ್ಳೆ ಅತಿ ಜೋರಾದಲ್ಲಿ ನಿಲ್ಲಿಸಬೇಕು. ಅಕ್ಕನ ಮದುವೆಯ ಖರ್ಚಿಗೆ ಅಬ್ಬಾ ಅದನ್ನು ಮಾರಿದರು ಎಂದೇ ಮನೆಯಲ್ಲಿ ನಂಬಿದ್ದೆವು.

"ನಾನು ಬಿಟ್ಟು ಆರು ತಿಂಗ್ಳಿಗೆ ಸಾಬ್ರು ಬಂದಿದ್ರು. ಬಸ್ಸಲ್ಲಿ ಅದನ್ನ ತೊಡೆ ಮೇಲಿಟ್ಕೊಂಡು. ಏನೂ ಕೇಳ್ಲಿಲ್ಲ, ಹೇಳ್ಲಿಲ್ಲ. ಅಂಗಡಿ ಹಾಕು ಅಂದ್ರು."

"ನೀನು ಹೇಳಿದ್ದೆಯಾ ಅವರಿಗೆ?"

"ನಾನ್ಯಾಕೆ ಹೇಳ್ಲಿ?"

ಆಮೇಲಿನ ವರ್ಷಗಳಲ್ಲಿ ಅಬ್ಬಾ ಭದ್ರಾವತಿ ಆಕಾಶವಾಣಿಯ ಮೇಲೆ ಸೆಟ್ಟುಗಳನ್ನು ಕೂರಿಸುತ್ತಿದ್ದುದು ನನಗೆ ನೆನಪಿದೆ. 675 ಕಿಲೋಹರ್ಟ್ಸ್. ಪ್ರಸಾರ ನಿಂತ ಮಧ್ಯಾಹ್ನಗಳಲ್ಲಿ ಕೈಕಟ್ಟಿ ಕೂತು ಸಂಜೆಯ ಪ್ರಸಾರಕ್ಕೆ ಕಾಯುತ್ತಿದ್ದರು. ಅದು ಅವರ ಕೈಚಳಕ ಎಂದು ನಾನು ಹೆಮ್ಮೆಪಟ್ಟು ಒಂದು ಕಥೆಯಲ್ಲಿ ಬರೆದದ್ದೂ ಉಂಟು. ಅಣ್ಣನಿಗೆ ಹೇಳಿದರೆ ತಲೆ ಅಲ್ಲಾಡಿಸಿದ. ಹತ್ತಿರದ ಜೋರಾದ ಸ್ಟೇಷನ್ನು ಟ್ಯೂನಿಂಗಿಗೆ ಆಗುವುದಿಲ್ಲವಂತೆ. ಸೆಟ್ಟು ತಾನಾಗಿಯೇ ದನಿ ತಗ್ಗಿಸಿಕೊಳ್ಳುವುದರಿಂದ ಸರಿಯಾದ ಜಾಗ ಕಿವಿಗೆ ಸಿಗುವುದಿಲ್ಲ. ಏರಿಯಲ್ ಕಿತ್ತು, ದನಿ ಕ್ಷೀಣ ಮಾಡಿಕೊಂಡು, ಉಸಿರು ಹಿಡಿದು ಕೇಳಬೇಕು. ಅಬ್ಬಾ ಹಾಗೆಯೇ, ಕಿವಿಯನ್ನು ಸ್ಪೀಕರಿಗೆ ಒತ್ತಿ ಕೂರುತ್ತಿದ್ದರು.

ಬಾಬಿನ್ನು ಸುತ್ತುವ ಕೆಲಸ ಅಂದೇ ಮುಗಿಯುವಂಥದ್ದಲ್ಲ. ಸರಿಯಾದ ತಂತಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಬೇಕು, ಹದಿನೈದು ದಿನ ಬಿಟ್ಟು ಬಾ ಎಂದ. ಮುಂಗಡ ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದ. ಅಬ್ಬಾರ ಅಂಗಡಿಯಲ್ಲಿ ಯಾವ ಸೆಟ್ಟನ್ನೂ ಚೀಟಿ ಕೊಡದೆ ಇಟ್ಟುಕೊಳ್ಳುತ್ತಿರಲಿಲ್ಲ; ಅಣ್ಣ ಆ ರೂಢಿ ಬಿಟ್ಟಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ತಾರೀಖು ಬರೆದ. ಏವೋ ಮೀಟರ್ 1, ಓಮ್ಸ್ ತಪ್ಪು ಎಂದು ಬರೆದ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿ, "ಹೆಸ್ರು ಯಾರ್ದು ಬರೀಲಿ?" ಎಂದ. ನಾನು ಹೇಳುವ ಮೊದಲೇ 'ತರೀಕೆರೆ ಸಾಬ್ರು' ಎಂದು ಬರೆದು ಚೀಟಿ ಕೊಟ್ಟು, ಸ್ಟಾರ್ಟರಿಗಾಗಿ ಕಾಯುತ್ತ ನಿಂತಿದ್ದ ರೈತನ ಕಡೆ ತಿರುಗಿದ.