ಡ್ರಮ್ಮೋ ಡಿಸ್ಕೋ?

ಬೈಕ್ ತಗೊಳ್ಳಲಿಕ್ಕೆ ಕಮಲಾಪುರದಿಂದ ತಮ್ಮ ಕಲಬುರಗಿಗೆ ಬಂದಿದ್ದ. 'ಅಣ್ಣಾ, ಡ್ರಮ್ ಬ್ರೇಕಿಂದೇ ಸಾಕು, ಡಿಸ್ಕಿಗೆ ರೊಕ್ಕ ಜಾಸ್ತಿ' ಅಂದ.

ಅಮೆರಿಕದ ದೈತ್ಯ ಎಂಜಿನ್ನಿನ ಕಾರುಗಳಲ್ಲೂ ಇದೇ ಲೆಕ್ಕಾಚಾರ ಇತ್ತು. 1967ರ ಶೆವರ್ಲೆ ಕ್ಯಾಮರೊಗೆ ಸಾಮಾನ್ಯವಾಗಿ ನಾಲ್ಕೂ ಗಾಲಿಗೆ ಡ್ರಮ್ಮೇ. ಮುಂದೆ ಡಿಸ್ಕ್ ಬೇಕಂದರೆ ಬೇರೆ ದುಡ್ಡು. ಅಷ್ಟು ಜೋರಾಗಿ ಓಡುವ ಗಾಡಿಗೆ ನಿಲ್ಲುವ ಶಕ್ತಿ ಮಾತ್ರ ಹೆಚ್ಚುವರಿ ಖರ್ಚು!

ಡ್ರಮ್ಮಿನ ಬಿಸಿ ಒಳಗೇ ಉಳಿಯುತ್ತದೆ, ಮೇಲಿಂದ ಮೇಲೆ ಒತ್ತಿದರೆ ಹಿಡಿತ ಸಡಿಲಾಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. 2019ರ ಏಪ್ರಿಲ್‌ನಿಂದ ಸಣ್ಣ ಬೈಕುಗಳಿಗೂ ಸಿಬಿಎಸ್ ಬಂದಿದೆ, ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಹಿಡಿಯುತ್ತದೆ, ನಿಜ. ಆದರೆ ನನ್ನ ತಮ್ಮ ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ, ಹಿಂದೆ ಕೆಂಪು ಬಾಳೆಗೊನೆ ಕಟ್ಟಿಕೊಂಡು ಬರುವವ.

'ಡಿಸ್ಕಿಂದೇ ತಗೋ, ಮ್ಯಾಲಿನ ರೊಕ್ಕ ನಾ ಕೊಡ್ತೀನಿ' ಅಂದೆ.