ಪಾರ್ಸೆಲ್ ಊಟವೂ ಪ್ರಸಾದವಾದ ದಿನಗಳು

ಮನೆಯಲ್ಲಿ ಬೇಯಿಸಿದ ಅನ್ನವನ್ನೇ ಉಣ್ಣಬೇಕೆಂಬುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಸ್ನಾನ, ವಿಭೂತಿ ಧಾರಣೆ, ಇಷ್ಟಲಿಂಗ ಪೂಜೆಗಳು ಮುಗಿದ ಮೇಲೆ, ಲಿಂಗಕ್ಕೆ ಅರ್ಪಿಸಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಹಿರಿಯರ ನೇಮ. ಕೋರ್ಟು ಕಛೇರಿಗಳ ಕೆಲಸಕ್ಕೆ ಪೇಟೆಗೆ ಬಂದಾಗ ಹೋಟೆಲಿನಲ್ಲಿ ಒಂದು ತಿಂಡಿಯಾಗುತ್ತಿತ್ತೇ ಹೊರತು, ಇಡೀ ಸಂಸಾರಕ್ಕೆ ಹೊರಗಿನಿಂದ ಊಟ ತರಿಸುವುದು ಮನೆಯ ಗೃಹಿಣಿಗೆ ಅಗೌರವವೆಂದೇ ಭಾವಿಸಲಾಗುತ್ತಿತ್ತು. ಈ ಭಾವನೆಯನ್ನು ಕೊರೊನಾ ಮಹಾಮಾರಿಯ ಎರಡು ಬೇಸಿಗೆಗಳು ಪರೀಕ್ಷೆಗೆ ಒಡ್ಡಿದವು.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಹೋಟೆಲುಗಳಲ್ಲಿ ಕುಳಿತು ಉಣ್ಣುವುದು ನಿಂತುಹೋಯಿತು. ಮೇ 12ರಂದು ಮುಂಬೈಯಿಂದ ಚನ್ನರಾಯಪಟ್ಟಣಕ್ಕೆ ಮರಳಿದ್ದವರಲ್ಲಿ ಸೋಂಕು ಕಾಣಿಸಿಕೊಳ್ಳುವವರೆಗೆ ನಮ್ಮ ಹಾಸನ ಜಿಲ್ಲೆ ಸುರಕ್ಷಿತವಾಗಿಯೇ ಇತ್ತು. ಜೂನ್ 8ರಿಂದ ಹೋಟೆಲುಗಳಲ್ಲಿ ಮತ್ತೆ ಎಲೆ ಹಾಕಲು ಅನುಮತಿ ದೊರೆಯಿತು. ಆ ವರ್ಷ ಹೊರಗಿನ ಅನ್ನಕ್ಕೆ ಅಂಜಿದವರೇ ಹೆಚ್ಚು. ಮನೆಯ ಒಲೆ ಆರಿರಲಿಲ್ಲವಾದ್ದರಿಂದ ಅದರ ಅಗತ್ಯವೂ ಬೀಳಲಿಲ್ಲ.

ಎರಡನೆಯ ಅಲೆಯ ಕಥೆಯೇ ಬೇರೆ. 2021ರ ಏಪ್ರಿಲ್ 27ರಿಂದ ಬಸ್ಸುಗಳು ನಿಂತವು. ಮೇ 10ರಿಂದ ನಿರ್ಬಂಧಗಳು ಇನ್ನಷ್ಟು ಬಿಗಿಯಾದವು. ಹೋಟೆಲುಗಳಿಗೆ ಪಾರ್ಸೆಲ್ ಕೊಡಲು ಮಾತ್ರ ಅವಕಾಶವಿತ್ತು. ಜೂನ್ 14ರಂದು ರಾಜ್ಯದ ಬಹುಭಾಗಕ್ಕೆ ಸಡಿಲಿಕೆ ಸಿಕ್ಕಿದರೂ ಸೋಂಕು ತಗ್ಗದ 11 ಜಿಲ್ಲೆಗಳಿಗೆ ಸಿಗಲಿಲ್ಲ. ಅವುಗಳಲ್ಲಿ ಹಾಸನವೂ ಒಂದು. ಮನೆಮಂದಿಗೆಲ್ಲ ಒಟ್ಟಿಗೆ ಜ್ವರ ಬಂದು, ಬೇಯಿಸುವ ಕೈಯೇ ಹಾಸಿಗೆ ಹಿಡಿದಿತ್ತು.

ನಾವಿರುವುದು ಹಾಸನದಲ್ಲಿ. ತಂಗಿಯ ಸಂಸಾರ ಹೊಳೆನರಸೀಪುರದಲ್ಲಿ, ಭಾವನವರ ಆರು ಮಂದಿಯ ಮನೆ ಚನ್ನರಾಯಪಟ್ಟಣದಲ್ಲಿ, ಎಂಬತ್ತು ದಾಟಿದ ಸೋದರತ್ತೆ ಅರಕಲಗೂಡಿನಲ್ಲಿ ಒಬ್ಬರೇ. ಮೂರೂ ಊರುಗಳು ನಲವತ್ತು ಕಿಲೋಮೀಟರಿನ ಒಳಗೇ ಇದ್ದರೂ ಆ ತಿಂಗಳು ಕಾಶಿಯಷ್ಟು ದೂರವಾಗಿದ್ದವು. ಮೂರೂ ಮನೆಗಳಲ್ಲಿ ಕಾಯಿಲೆ. ಬುತ್ತಿ ಕಟ್ಟಿಕೊಂಡು ಹೋಗುವಂತಿರಲಿಲ್ಲ. ದೂರವಾಣಿಯೊಂದೇ ನಮಗುಳಿದಿದ್ದ ದಾರಿ.

ಹೊಳೆನರಸೀಪುರದಲ್ಲಿ ಗಂಡಹೆಂಡಿರಿಬ್ಬರೇ ನಡೆಸುವ ಖಾನಾವಳಿಯೊಂದು ಸಿಕ್ಕಿತು. ಮಧ್ಯಾಹ್ನಕ್ಕೆ ರಾಗಿಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ರಾತ್ರಿಗೆ ಮೆತ್ತಗಿನ ಅನ್ನ, ಮೆಣಸಿನ ಸಾರು. ಗೇಟಿನ ಬಳಿ ಕ್ಯಾರಿಯರ್ ಇಟ್ಟು, ಕರೆಗಂಟೆ ಒತ್ತಿ, ದೂರ ನಿಲ್ಲುವುದು ಏರ್ಪಾಡು. ಚನ್ನರಾಯಪಟ್ಟಣದಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯ ಬಸ್ಸುಗಳನ್ನೇ ನಂಬಿದ್ದ ಹೋಟೆಲಿಗೆ ಅಂದು ಪ್ರಯಾಣಿಕರೇ ಇರಲಿಲ್ಲ. ನಮ್ಮ ಆರು ಊಟದ ಬೇಡಿಕೆಗೆ ಅದರ ಮಾಲೀಕರು ಹೇಳಿದ ಮಾತು, "ನೀವು ಹೇಳಿದ್ದರಿಂದ ನಮ್ಮ ಒಲೆಯೂ ಉರಿಯುತ್ತದೆ." ಅನ್ನ ಪಡೆಯುವವರಿಗೂ ಕೊಡುವವರಿಗೂ ಆ ಪೊಟ್ಟಣ ಸಮನಾಗಿ ಬೇಕಾಗಿತ್ತು.

ಕಷ್ಟವಾದದ್ದು ಅರಕಲಗೂಡಿನಲ್ಲಿ. ಆಲೂಗೆಡ್ಡೆ ಬಿತ್ತನೆಯ ಕಾಲವಾದ್ದರಿಂದ ಹೋಟೆಲಿನ ಹುಡುಗರು ತಮ್ಮ ತಮ್ಮ ಹಳ್ಳಿ ಸೇರಿದ್ದರು. ಕಡೆಗೆ ಮನೆಯಲ್ಲೇ ಅಡುಗೆ ಮಾಡಿ ಕಳುಹಿಸುವ ತಾಯಿಯೊಬ್ಬರು ಒಪ್ಪಿದರು. ಆದರೆ ಅತ್ತೆ ಒಪ್ಪಲಿಲ್ಲ. ಯಾರು ಮಾಡಿದ್ದೋ, ಯಾವ ಪಾತ್ರೆಯಲ್ಲಿ ಬೇಯಿಸಿದ್ದೋ ತಿಳಿಯದ ಅನ್ನವನ್ನು ಲಿಂಗಕ್ಕೆ ಹೇಗೆ ಅರ್ಪಿಸಲಿ ಎಂಬುದು ಅವರ ಪ್ರಶ್ನೆ. ಎರಡು ದಿನ ಅವಲಕ್ಕಿ, ಹಾಲಿನಲ್ಲೇ ಕಳೆದರು. ಮಾತ್ರೆಗಳು ಖಾಲಿ ಹೊಟ್ಟೆಗೆ ಹೋಗುತ್ತಿದ್ದವು. ನಾವು ಎಷ್ಟು ವಿನಂತಿಸಿದರೂ ಫಲ ಕಾಣಲಿಲ್ಲ.

ಮೂರನೆಯ ದಿನ ಆ ತಾಯಿಯೇ ಅತ್ತೆಗೆ ದೂರವಾಣಿ ಮಾಡಿದರು. "ಅಮ್ಮಾ, ಸ್ನಾನ ಮಾಡಿಯೇ ಒಲೆ ಹಚ್ಚುತ್ತೇನೆ. ನಿಮಗೆ ಉಪ್ಪು ಎಷ್ಟು ಹಾಕಲಿ? ಬೇಳೆ ಜೀರ್ಣವಾಗುತ್ತದೆಯೇ?" ಅತ್ತೆ ಅವರ ಕುಲವನ್ನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹತ್ತು ನಿಮಿಷ ಉಪ್ಪು, ಹುಳಿ, ಮೊಣಕಾಲು ನೋವುಗಳ ಮಾತೇ ನಡೆಯಿತಂತೆ. ಅಂದು ಬಂದ ಅನ್ನವನ್ನು ಅತ್ತೆ ತಮ್ಮ ಪಾತ್ರೆಗೆ ಬಗ್ಗಿಸಿಕೊಂಡು, ಬಿಸಿ ಮಾಡಿ, ಲಿಂಗಕ್ಕೆ ಅರ್ಪಿಸಿ ಉಂಡರು. "ಬೇಯಿಸಿದವರ ದನಿ ಕೇಳಿದೆನಲ್ಲ, ಇನ್ನು ಹೊರಗಿನ ಅನ್ನವೆಂದು ಹೇಗೆ ಹೇಳಲಿ?" ಎಂದರು. ಕುಲ ಕೇಳದೆ ಅನ್ನ ಹಂಚಿಕೊಳ್ಳುವುದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಲಿಸಿದ್ದರು. ಎಂಟು ನೂರು ವರ್ಷಗಳ ಆ ಪಾಠವನ್ನು ನಮ್ಮ ಮನೆಯಲ್ಲಿ ಎಂಬತ್ತರ ವೃದ್ಧೆ ಒಬ್ಬರೇ ಕುಳಿತು ಆಚರಿಸಿದರು. ಮೂರು ವಾರಗಳಲ್ಲಿ ಅವರು ಚೇತರಿಸಿಕೊಂಡರು.

ಚನ್ನರಾಯಪಟ್ಟಣದ ಮನೆಗೆ ಆ ಭಾಗ್ಯವಿರಲಿಲ್ಲ. ಆಸ್ಪತ್ರೆ ಸೇರಿದ ಭಾವನವರು ಲಿಂಗೈಕ್ಯರಾದರು. ಮರುದಿನದಿಂದ ಐದು ಊಟ ಸಾಕೆಂದು ಹೋಟೆಲಿಗೆ ತಿಳಿಸಬೇಕಾಯಿತು. ಮಾಲೀಕರು ಕಾರಣ ಕೇಳಲಿಲ್ಲ, ಅವರಿಗೆ ಅರ್ಥವಾಗಿತ್ತು. ಆ ದಿನದ ಹಣವನ್ನು ಅವರು ತೆಗೆದುಕೊಳ್ಳಲೇ ಇಲ್ಲ. ಅಂತ್ಯಕ್ರಿಯೆಗೆ ನಾವಾರೂ ಹೋಗಲಾಗದ ಆ ಸಂಜೆ, ಆ ಮನೆಯ ಬಾಗಿಲಿಗೆ ಹೋದ ಏಕೈಕ ಮನುಷ್ಯ ಊಟ ತಂದ ಹುಡುಗ.

ದಾಸೋಹವೆಂದರೆ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಹಸ್ರಾರು ವಿದ್ಯಾರ್ಥಿಗಳಿಗೆ ನಿತ್ಯವೂ ನಡೆಯುವ ಅನ್ನಸಂತರ್ಪಣೆ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆ ಮೇ ತಿಂಗಳಲ್ಲಿ ಇಂದಿರಾ ಕ್ಯಾಂಟೀನುಗಳಲ್ಲಿಯೂ ಸರ್ಕಾರ ಬಡವರಿಗೆ ಉಚಿತವಾಗಿ ಆಹಾರ ಒದಗಿಸಿತು. ಆದರೆ ಬಾಗಿಲು ಮುಚ್ಚಿಕೊಂಡು ಮಲಗಿದ ರೋಗಿ ಅನ್ನ ಇರುವಲ್ಲಿಗೆ ಹೋಗಲಾರ. ಅನ್ನವೇ ಅವನಲ್ಲಿಗೆ ಬರಬೇಕು. ಹಣ ಕೊಟ್ಟು ತರಿಸಿದ ಊಟವಾದರೂ ಉಣ್ಣುವವರನ್ನು ನೆನೆದು ಬೇಯಿಸಿದುದಾದರೆ, ದಾಸೋಹದ ಭಾವ ಅದರಲ್ಲಿ ಇದ್ದೇ ಇರುತ್ತದೆ.

ಇಂದು ಮೊಬೈಲಿನ ಪರದೆಯನ್ನು ಒತ್ತಿ ಊಟ ತರಿಸುವುದು ಸಣ್ಣ ಪಟ್ಟಣಗಳಲ್ಲೂ ರೂಢಿಯಾಗುತ್ತಿದೆ. ಅದನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ತಮ್ಮ ಊರಿನ ಒಂದು ಖಾನಾವಳಿಯವರ ಪರಿಚಯವಿಟ್ಟುಕೊಳ್ಳಿ. ಸಾಧ್ಯವಾದರೆ ತಮ್ಮದೇ ಸ್ಟೀಲ್ ಕ್ಯಾರಿಯರ್ ಕಳುಹಿಸಿ. ಹಣವನ್ನು ಅಂದಂದೇ ಸಲ್ಲಿಸಿ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಇಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೃದ್ಧರಿಗೆ, ರೋಗಿಗಳಿಗೆ ಚೆನ್ನಾಗಿ ಬಿಸಿ ಮಾಡಿಯೇ ಬಡಿಸಿ. ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರೊಬ್ಬರಿಗೆ ಜ್ವರವೆಂದು ತಿಳಿದಾಗ, ತಮಗಾಗಿ ಊಟ ಹೇಳುವ ಮುನ್ನ ಅವರನ್ನೂ ಒಮ್ಮೆ ವಿಚಾರಿಸಿ. ಉಪ್ಪು ಎಷ್ಟಿರಬೇಕೆಂದು ಕೇಳಲು ಮರೆಯಬೇಡಿ.